ಒದ್ದರೂ ಏಳದ ಭಾನುವಾರದ ಗಾಡಿ

ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಎಂಥೆಂಥ ಸೋಮಾರಿ ಹುಡುಗರನ್ನೂ ಒಂದೇ ಸೀಟಿಗೆ ಎಬ್ಬಿಸಿ ಮೈದಾನ ಸುತ್ತಿಸಿದ್ದೇನೆ. ಅಂಥವನಿಗೆ ಒಂದು ಮೋಟಾರ್ ಸೈಕಲ್ ಎಬ್ಬಿಸುವುದು ಯಾವ ಮಹಾ ಕೆಲಸ?

ಗಾಡಿ ನನ್ನದಲ್ಲ, ನನ್ನ ತಂಗಿಯ ಮಗಳು ಶೈಲಾಳದು. ಅವಳಿಗೆ ಶಿರಾದ ಬ್ಯಾಂಕಿನಲ್ಲಿ ಕೆಲಸ. ಮೂರನೇ ಮಹಡಿಯ ಬಾಡಿಗೆ ರೂಮಿನಲ್ಲಿದ್ದಾಳೆ, ಗಾಡಿ ನಿಲ್ಲಿಸಲು ಜಾಗವಿಲ್ಲ. ಹಾಗಾಗಿ ಅದರ ವಾಸ ಮಧುಗಿರಿಯಲ್ಲಿ, ಬೆಟ್ಟದ ಬುಡದ ನನ್ನ ಮನೆಯ ಶೆಡ್ಡಿನಲ್ಲಿ. ಕಲ್ಲು, ಮಣ್ಣು, ಹಳ್ಳ ಹಾರುವ ಜಾತಿಯ ಗಾಡಿ ಅದು. ಸೀಟು ನನ್ನ ಎದೆಮಟ್ಟಕ್ಕಿದೆ. ಸ್ಟಾರ್ಟ್ ಮಾಡಲು ಬಟನ್ ಇಲ್ಲ. ಒದೆಯಬೇಕು.

ಭಾನುವಾರ ಶೈಲಾ ಬಸ್ಸಿನಲ್ಲಿ ಬರುತ್ತಾಳೆ. ಗಾಡಿ ತೆಗೆದುಕೊಂಡು ಬೆಟ್ಟದ ಹಿಂದಿನ ಕಲ್ಲುಹಾದಿಗಳಲ್ಲಿ ಸುತ್ತಿ, ಕಣ್ಣು ಬಿಟ್ಟು ಉಳಿದದ್ದೆಲ್ಲ ಧೂಳಾಗಿ ಮರಳುತ್ತಾಳೆ. ಇಬ್ಬರೂ ಮುದ್ದೆ ಬಸ್ಸಾರು ಉಣ್ಣುತ್ತೇವೆ. ಬ್ಯಾಂಕಿನ ಕಥೆ ಹೇಳಿ ನಗಿಸಿ, ಸಂಜೆ ಬಸ್ಸಿಗೆ ಹೊರಡುತ್ತಾಳೆ. ವಾರದ ಉಳಿದ ದಿನಗಳಲ್ಲಿ ನಾನು ರೇಡಿಯೋ ಜೊತೆ ಮಾತಾಡುತ್ತೇನೆ. ಅದು ನನ್ನ ಮಾತಿಗೆ ಉತ್ತರ ಕೊಟ್ಟಿದ್ದು ಈವರೆಗೆ ಇಲ್ಲ.

ಈ ಚಳಿಗಾಲದಲ್ಲಿ ಬ್ಯಾಂಕಿನವರು ಅವಳನ್ನು ತರಬೇತಿಗೆ ಕಳಿಸಿದರು. ಕೆಲವು ಭಾನುವಾರ ಖಾಲಿ ಹೋದವು. ಆಮೇಲೊಂದು ದಿನ ಫೋನು ಬಂತು: ಈ ಭಾನುವಾರ ಬರುತ್ತೇನೆ, ಗಾಡಿ ನಿಂತೂ ನಿಂತೂ ಕೆಟ್ಟಿರಬಹುದು, ನಿಮಗೆ ತೊಂದರೆಯಾದರೆ ಶಿರಾದಲ್ಲೇ ಸ್ನೇಹಿತೆಯ ಶೆಡ್ಡಿದೆ, ಅಲ್ಲಿಗೆ ಸಾಗಿಸುತ್ತೇನೆ ಎಂದಳು.

ಗಾಡಿ ಶಿರಾಕ್ಕೆ ಹೋದರೆ ಭಾನುವಾರವೂ ಶಿರಾಕ್ಕೆ ಹೋಯಿತೆಂದೇ ಲೆಕ್ಕ. ನಾನು ತಕ್ಷಣ ಹೇಳಿದೆ, "ತೊಂದ್ರೆ ಏನ್ ಬಂತಮ್ಮ? ದಿನಾ ಬೆಳಗ್ಗೆ ನಾನೇ ಸ್ಟಾರ್ಟ್ ಮಾಡಿ ಇಡ್ತಿದೀನಲ್ಲ."

ಅಸಲಿಗೆ ನಾನು ಅದರ ಮೇಲಿನ ಧೂಳನ್ನಷ್ಟೇ ಒರೆಸುತ್ತಿದ್ದೆ.

ಮರುದಿನ ಬೆಳಗ್ಗೆ ಟ್ರ್ಯಾಕ್ ಸೂಟ್ ತೊಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು ಶೆಡ್ಡಿಗೆ ನಡೆದೆ. ವಿಧಾನವನ್ನು ಶೈಲಾ ಹಿಂದೆಯೇ ವಿವರಿಸಿದ್ದಳು. ಚೋಕ್ ಎಳೆಯಬೇಕು. ಕಿಕ್ಕರನ್ನು ಮೆಲ್ಲಗೆ ಒತ್ತುತ್ತಾ ಹೋದರೆ ಒಂದು ಕಡೆ ಗಟ್ಟಿಯಾಗುತ್ತದೆ. ಅದನ್ನು ತುಸುವೇ ದಾಟಿಸಿ, ಕಾಲನ್ನು ಮತ್ತೆ ಮೇಲೆ ತಂದು, ಒಂದೇ ಉದ್ದನೆಯ ಒದೆ. ಆಕ್ಸಿಲರೇಟರ್ ಮುಟ್ಟಬಾರದು. "ಇಂಜಿನ್ ತಣ್ಣಗಿದ್ದಾಗ ಅವಸರ ಮಾಡಬೇಡಿ ಮಾವ" ಎಂದೂ ಹೇಳಿದ್ದಳು.

ನಾನು ಸ್ಟೂಲು ಹತ್ತಿ, ಸೀಟಿ ಊದಿ, "ಒಂದ್, ಎರಡ್" ಎಂದು ಒದ್ದೆ. ಒಂದಕ್ಕೆ ಕಾಲು ಇಳಿಯಿತು. ಎರಡಕ್ಕೆ ಇಳಿಯಲಿಲ್ಲ. ಕಿಕ್ಕರ್ ಅರ್ಧದಲ್ಲೇ ಕಲ್ಲಿನಂತೆ ನಿಂತಿತು. ನನ್ನ ಇಡೀ ತೂಕ ಒಂಟಿಕಾಲಿನ ಮೇಲೆ ಗಾಳಿಯಲ್ಲಿ ನಿಂತಿತು. ಮರುಕ್ಷಣ ಕಿಕ್ಕರ್ ತಿರುಗಿ ಬಂದು ನನ್ನ ಮೊಣಕಾಲಿನ ಕೆಳಗೆ ಬಾರಿಸಿತು. ಇಷ್ಟು ವರ್ಷದ ಸೇವೆಯಲ್ಲಿ ಯಾವ ವಿದ್ಯಾರ್ಥಿಯೂ ನನಗೆ ತಿರುಗಿ ಒದ್ದಿರಲಿಲ್ಲ!

ಸೀಟಿ ಸದ್ದಿಗೆ ಪಕ್ಕದ ಮನೆಯ ರಂಗಪ್ಪ ಕಂಬಳಿ ಹೊದ್ದೇ ಬಂದರು. ಖಾಸಗಿ ಬಸ್ಸು ಓಡಿಸಿ ನಿವೃತ್ತರಾದವರು. ಹಿಂದೆಯೇ ಅವರ ಹೆಂಡತಿ ಜಯಮ್ಮ ಟೀ ಲೋಟ ಹಿಡಿದು ಬಂದರು.

"ಇದಕ್ಕೆಲ್ಲ ಒದೀಬಾರ್ದು ಮೇಷ್ಟ್ರೇ. ಹಳೇ ಸ್ಕೂಟ್ರು ಇದ್ದಂಗೆ ಒಂಚೂರು ವಾಲಿಸ್ಬೇಕು" ಎಂದರು ರಂಗಪ್ಪ. "ನಾನು ಎಷ್ಟ್ ಗಾಡಿ ವಾಲ್ಸಿಲ್ಲ."

"ನೀವು ವಾಲ್ಸಿದ್ ಬಸ್ಸು ಇನ್ನೂ ಹಳ್ಳದಾಗೇ ಬಿದ್ದೈತೆ, ಸುಮ್ಕಿರಿ" ಎಂದರು ಜಯಮ್ಮ.

ಆದರೂ ಶೆಡ್ಡಿನಿಂದ ಅಂಗಳಕ್ಕೆ ತಂದು ವಾಲಿಸಿದೆವು. ಸ್ಕೂಟರ್ ವಾಲಿದರೆ ಹಿಡಿದುಕೊಳ್ಳಬಹುದು. ಇದು ವಾಲಿದ್ದೇ ತಡ ಮಲಗುವ ತೀರ್ಮಾನಕ್ಕೆ ಬಂದಿತು. ಬೇಲಿಬದಿಯ ಜಯಮ್ಮನವರ ಕನಕಾಂಬರದ ಗಿಡಗಳ ಮೇಲೆ ಗಾಡಿ, ಗಾಡಿಯ ಮೇಲೆ ರಂಗಪ್ಪ, ರಂಗಪ್ಪನ ಕಂಬಳಿಯೊಳಗೆ ನಾನು. ಎಬ್ಬಿಸಿದ ಮೇಲೆ ರಂಗಪ್ಪ ಮೂಸಿ ನೋಡಿ, ಪೆಟ್ರೋಲ್ ವಾಸನೆಯೇ ಬರುತ್ತಿಲ್ಲ ಎಂದರು. ನಾನು ಟ್ಯಾಂಕು ಅಲ್ಲಾಡಿಸಿ ತೋರಿಸಿದೆ. ಒಳಗೆ ಪೆಟ್ರೋಲು ಗುಳುಗುಳು ಎಂದಿತು. ಗಾಡಿ ಮಾತ್ರ ಮಾತಾಡಲಿಲ್ಲ.

ಹೀಗೇ ಶನಿವಾರ ಬಂತು. ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿಯಾಗಿ, ಬೆಳಗಾದರೆ ನನ್ನ ಅಂಗಳದಲ್ಲಿ ಜನ. ಒಬ್ಬರು ಪ್ಲಗ್ ಎಂದರೆ ಇನ್ನೊಬ್ಬರು ದೃಷ್ಟಿ ಎಂದರು. ಜಯಮ್ಮ ನಿಂಬೆಹಣ್ಣನ್ನೂ ನಿವಾಳಿಸಿದರು. ಕೊನೆಗೆ ಇಳಿಜಾರಿನಲ್ಲಿ ತಳ್ಳುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ನನ್ನನ್ನು ಎತ್ತಿ ಸೀಟಿನ ಮೇಲೆ ಕೂರಿಸಿದರು. ನಾನು ಸೀಟಿ ಊದಿದೆ. ತಳ್ಳಿದರು.

ಗಾಡಿ ಹೊರಟಿತು. ಇಂಜಿನ್ ಹೊರಡಲಿಲ್ಲ. ಗೇರು ಹಾಕಿದರೆ ಚಕ್ರ ಕಚ್ಚಿ ಬೀಳುವ ಭಯ. ಬ್ರೇಕ್ ಹಿಡಿದರೆ, ಕಾಲು ನೆಲಕ್ಕೆ ಎಟುಕುವುದಿಲ್ಲ. ಹಾಗಾಗಿ ಎರಡನ್ನೂ ಮಾಡದೆ, ಬೆನ್ನು ನೆಟ್ಟಗೆ ಇಟ್ಟುಕೊಂಡು, ಗಣರಾಜ್ಯೋತ್ಸವದ ಪೆರೇಡಿನಲ್ಲಿ ವಂದನೆ ಸ್ವೀಕರಿಸುವವರ ಹಾಗೆ ನಿಶ್ಶಬ್ದವಾಗಿ ಬೀದಿಯುದ್ದಕ್ಕೂ ಇಳಿದೆ. ಹೋಟೆಲಿನ ಮುಂದಿದ್ದ ಕಡಲೆಕಾಯಿ ಮೂಟೆಗಳು ನನ್ನನ್ನು ತಡೆದವು. ಹೋಟೆಲಿನವರು ಸಮಾಧಾನವಾಗಿ ಕೇಳಿದರು, "ಕಾಫೀನಾ, ಟೀನಾ ಮೇಷ್ಟ್ರೇ?"

ಎಲ್ಲರಿಗೂ ಟೀ ಕುಡಿಸಿದೆ. ನಕ್ಕೂ ನಕ್ಕೂ ಸುಸ್ತಾದವರೆಲ್ಲ ಸೇರಿ ಗಾಡಿಯನ್ನು ಮೇಲಕ್ಕೆ ತಳ್ಳಿದರು. ನನಗೂ ನಗು ಬಂದಿತ್ತು. ಮನೆಯೊಳಗೆ ಬಂದಾಗ, ಆ ವಾರ ರೇಡಿಯೋ ಹಾಕಿಯೇ ಇಲ್ಲವೆಂದು ನೆನಪಾಯಿತು. ಹಿಂದೆಯೇ, ನಾಳೆ ಗಾಡಿ ಶಿರಾಕ್ಕೆ ಹೋಗುತ್ತದೆ ಎಂಬುದೂ ನೆನಪಾಯಿತು.

ಭಾನುವಾರ ಶೈಲಾ ಗೇಟು ತೆರೆಯುವಷ್ಟರಲ್ಲೇ ತಪ್ಪು ಒಪ್ಪಿಕೊಂಡುಬಿಡಬೇಕೆಂದು ಅಟೆನ್ಷನ್‌ನಲ್ಲಿ ನಿಂತಿದ್ದೆ. ಅವಳು ನನ್ನ ಕುಂಟುಗಾಲು ನೋಡಿದಳು, ಮುರಿದ ಕನಕಾಂಬರ ನೋಡಿದಳು, ಸೀದಾ ಶೆಡ್ಡಿಗೆ ಹೋಗಿ ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಮಾವ, ಪೆಟ್ರೋಲಿನ ನಲ್ಲೀನೇ ನಿಲ್ಲಿಸಿಬಿಟ್ಟಿದೀರಲ್ಲ."

ಟ್ಯಾಂಕಿನ ಕೆಳಗೆ ಒಂದು ಪುಟ್ಟ ನಲ್ಲಿ. ಅದನ್ನು ರಾತ್ರಿ ಹೊತ್ತು ನಿಲ್ಲಿಸಿದವನು ನಾನೇ, ಹಾಗೆಂದು ಅವಳಿಗೂ ಹೇಳಿದೆ. ನನ್ನಾಕೆ ಇದ್ದಾಗ ಮಲಗುವ ಮುಂಚೆ "ಗ್ಯಾಸ್ ನಿಲ್ಸಿದ್ರಾ? ನಲ್ಲಿ ನಿಲ್ಸಿದ್ರಾ?" ಎಂದು ಕೇಳುತ್ತಿದ್ದಳು. ಈಗ ಕೇಳುವವರಿಲ್ಲ. ಆದ್ದರಿಂದ ನಾನೇ ಕೇಳಿಕೊಂಡು, ನಾನೇ ಉತ್ತರ ಹೇಳಿಕೊಂಡು, ಮನೆಯೆಲ್ಲ ಸುತ್ತಿ ತೆರೆದದ್ದನ್ನೆಲ್ಲ ಮುಚ್ಚುತ್ತೇನೆ. ಶೆಡ್ಡೂ ಆ ಸುತ್ತಿನಲ್ಲಿ ಸೇರಿತ್ತು. ಮುಚ್ಚುವುದಕ್ಕೆ ನನ್ನಲ್ಲಿ ಕಟ್ಟುನಿಟ್ಟಾದ ಕ್ರಮವಿದೆ. ತೆರೆಯುವುದಕ್ಕೆ ಯಾವ ಕ್ರಮವೂ ಇರಲಿಲ್ಲ!

ಶೈಲಾ ನಲ್ಲಿ ತಿರುಗಿಸಿ, ತುಸು ಕಾದು, ಸೀಟಿಯಿಲ್ಲದೆ ಒದ್ದಳು. ಗಾಡಿ ಕೆಮ್ಮಿತು. ಇನ್ನೊಮ್ಮೆ ಒದ್ದಳು. ಬೀದಿಯೇ ಅದುರಿತು.

"ದಿನಾ ಸ್ಟಾರ್ಟ್ ಮಾಡ್ತಿದ್ರಿ, ಅಲ್ವಾ ಮಾವ?"

ನಾನು ಬೆಟ್ಟದ ಕಡೆ ನೋಡಿದೆ.

"ಇಲ್ಲೇ ಇರಲಿ ಬಿಡಿ" ಎಂದಳು. "ಶೆಡ್ಡು ಎಲ್ಲಾದ್ರೂ ಸಿಗುತ್ತೆ. ರಾತ್ರಿ ಎದ್ದೋಗಿ ನಲ್ಲಿ ನಿಲ್ಲಿಸೋರು ಸಿಗಲ್ಲ."

ಈಗ ನಾನು ಪಳಗಿದ್ದೇನೆ. ದಿನಾ ಬೆಳಗ್ಗೆ ನಲ್ಲಿ ತೆರೆದು, ಮೆಲ್ಲಗೆ ಒತ್ತಿ, ತುಸು ದಾಟಿಸಿ ಒದೆಯುತ್ತೇನೆ. ಗಾಡಿ ಏಳುತ್ತದೆ. ಆದರೆ ನೋಡಲು ಯಾರೂ ಬರುವುದಿಲ್ಲ. ಏಳುವ ಗಾಡಿಯಲ್ಲಿ ನೋಡುವುದಾದರೂ ಏನಿದೆ?

ಆದ್ದರಿಂದ ಮೊನ್ನೆ ಬುಧವಾರ, ಬೇಕೆಂತಲೇ ನಲ್ಲಿ ತೆರೆಯದೆ, ಸೀಟಿ ಊದಿ ಊದಿ ಒದ್ದೆ. ರಂಗಪ್ಪ ಕಂಬಳಿ ಹೊದ್ದು ಬಂದರು. ಪ್ಲಗ್ಗಿನ ವಿಷಯ ತೆಗೆದರು. ಸೊಗಸಾಗಿ ಮಾತಾಡುತ್ತಾ ನಿಂತಿದ್ದೆವು. ಜಯಮ್ಮ ಎರಡು ಲೋಟ ಟೀ ತಂದು ಸ್ಟೂಲಿನ ಮೇಲಿಟ್ಟರು, ಬಗ್ಗಿದರು, ಟ್ಯಾಂಕಿನ ಕೆಳಗಿನ ನಲ್ಲಿಯನ್ನು ತಿರುಗಿಸಿದರು.

"ಟೀ ಬೇಕಾದ್ರೆ ಬಾಗ್ಲಿಗೆ ಬಂದು ಕೇಳಿ ಮೇಷ್ಟ್ರೇ" ಎಂದರು. "ಕಾಲ್ಯಾಕೆ ಮುರ್ಕಂತೀರ."