ಹಾಲು ಕರೆಯುವ ಮಿಷನ್

ಆಗ ನನಗೆ ಇಪ್ಪತ್ತೆರಡು. ಈ ಮಾತಿಗೆ ನಲವತ್ತು ವರ್ಷದ ಮೇಲಾಯಿತು. ಈಗ ರುಬ್ಬುವುದಕ್ಕೊಂದು ಮಿಷನ್, ಒಗೆಯುವುದಕ್ಕೊಂದು ಮಿಷನ್. ಬೇಡ ಅನ್ನುವವಳಲ್ಲ ನಾನು. ರುಬ್ಬಿ ರುಬ್ಬಿ ರಟ್ಟೆ ಬಿದ್ದವಳಿಗೆ ಅದರ ಸುಖ ಗೊತ್ತು. ಆದರೆ ಎದುರಿಗಿರುವ ಜೀವದ ಮನಸ್ಸು ಅರಿಯುವ ಮಿಷನ್ ಇನ್ನೂ ಬಂದಿಲ್ಲ. ಆ ಗುಣ ನನಗೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಹೊಸಹಳ್ಳಿಯಲ್ಲಿ ನಮಗೊಂದು ಎಮ್ಮೆ ಇತ್ತು. ರಾಜಾಜಿನಗರದಲ್ಲಿ ಆಗತಾನೇ ಎದ್ದಿದ್ದ ಮನೆಗಳಿಗೆ ಅದರ ಹಾಲು ಹೋಗುತ್ತಿತ್ತು. ಕರು ಸತ್ತ ದಿನದಿಂದ ಅದು ಹಾಲು ಬಿಗಿಹಿಡಿಯಿತು. ಬೈದೆ, ಕಡಲೆಕಾಯಿ ಹಿಂಡಿ ತೋರಿಸಿದೆ, ಎರಡೇಟು ಹಾಕಿದೆ. ಹೊಳ್ಳೆ ಅರಳಿಸಿ ನನ್ನನ್ನು ನೋಡಿತೇ ಹೊರತು ಒಂದು ತೊಟ್ಟು ಬಿಡಲಿಲ್ಲ. ನಮ್ಮತ್ತೆ, ಸೋಮವಾರದ ಸಂತೆಗೆ ಹೊಡೆದುಬಿಡಿ, ಕಟುಕರಾದರೂ ಕೊಂಡಾರು ಅಂದರು. ಎಷ್ಟು ಬೈದರೂ ಅದು ತವರಿನಿಂದ ನನ್ನ ಹಿಂದೆಯೇ ನಡೆದು ಬಂದ ಎಮ್ಮೆ.

ನಮ್ಮ ಯಜಮಾನರು ಬಟ್ಟೆ ಮಿಲ್ಲಿನಲ್ಲಿ ಫಿಟ್ಟರ್. ಮನುಷ್ಯರ ಹತ್ತಿರ ಮಾತು ಕಡಿಮೆ, ನಟ್ಟು ಬೋಲ್ಟಿನ ಹತ್ತಿರ ಜಾಸ್ತಿ. ಸೈಕಲ್ ಪಂಪಿಗೆ ರಬ್ಬರ್ ಟ್ಯೂಬು ಕೂಡಿಸಿ ಹಾಲು ಕರೆಯುವ ಮಿಷನ್ ಮಾಡಿದರು. "ಇದಕ್ಕೆ ಕರೂನೂ ಬೇಡ, ನಿನ್ನ ಬೈಗುಳಾನೂ ಬೇಡ ಕಣೇ," ಅಂದರು. ಎರಡು ಸಲ ಎಳೆದರೋ ಇಲ್ಲವೋ, ಎಮ್ಮೆ ಒದ್ದ ಒದೆಗೆ ಪಂಪು ತಿಪ್ಪೆಯಲ್ಲಿ, ಫಿಟ್ಟರ್ ಸಗಣಿಯಲ್ಲಿ. ಅತ್ತೆ ನಕ್ಕರು, ನಾನು ಅವರಿಗಿಂತ ಜೋರಾಗಿ ನಕ್ಕೆ.

ತೊಳೆದುಕೊಳ್ಳಲಿ ಅಂತ ನೀರಿನ ತಂಬಿಗೆ ಹಿಡಿದು ಕೊಟ್ಟಿಗೆಗೆ ಹೋದರೆ, ಇವರು ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿ, ಕೆಚ್ಚಲು ಸವರುತ್ತಾ ಮಾತಾಡುತ್ತಿದ್ದರು. "ಮಿಲ್ಲಿಗೆ ಹೊಸ ಮಿಷನ್ ಬಂತು ಕಣವ್ವಾ. ನಾನು ಕೈ ಇಡೋ ಹಾಗೇ ಇಲ್ಲ, ತಾನೇ ಓಡುತ್ತೆ. ನಿನಗೆ ಕರು ಹೋಯ್ತು, ನನಗೆ ಕೆಲಸ ಹೋಗುತ್ತೋ ಏನೋ. ಮನೇಲಿ ಹೇಳೋಣ ಅಂದ್ರೆ, ಅವಳು ಕೇಳಿಸ್ಕೊಳ್ಳೋಕೆ ಮುಂಚೇನೇ ಬೈತಾಳೆ."

ಎಮ್ಮೆ ಮೆಲುಕು ಹಾಕುತ್ತಾ ಅಷ್ಟನ್ನೂ ಕೇಳಿತು. ಅಡ್ಡಬಾಯಿ ಹಾಕಲಿಲ್ಲ, ಬುದ್ಧಿ ಹೇಳಲಿಲ್ಲ. ಇವರ ಬೆರಳ ಸಂದಿಯಲ್ಲಿ ಹಾಲು ಇಳಿಯುತ್ತಿತ್ತು.

ತಂಬಿಗೆಯ ನೀರು ಚೆಲ್ಲಿ, "ನೆಲಕ್ಕೆ ಹೋಗ್ತಾ ಇದೆ, ಹಿಡೀರಿ" ಅಂತ ಮುಂದೆ ಒಡ್ಡಿದೆ. ಎಮ್ಮೆ ಉಳಿಯಿತಲ್ಲ ಅಂತ ಸಂತೋಷವೇ. ಆದರೆ ಕಟ್ಟಿಕೊಂಡವಳಿಗೆ ಹೇಳದ ಕಷ್ಟವನ್ನು ಕಟ್ಟಿಹಾಕಿದ್ದಕ್ಕೆ ಹೇಳಿದರಲ್ಲ ಅಂತ ಹೊಟ್ಟೆ ಉರಿಯಿತು. ಎಮ್ಮೆಯ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಹೊಸಹಳ್ಳಿಯಲ್ಲಿ ನಾನೊಬ್ಬಳೇ ಇರಬೇಕು.

ಮಾರನೆಯ ಬೆಳಗ್ಗೆ ಕಾಫಿ ಲೋಟ ಅವರ ಕೈಗಿಟ್ಟು, ಮಿಲ್ಲಿನ ಸಮಾಚಾರ ಏನು ಅಂತ ಕೇಳಿ, ಅವರು ಹೇಳಿ ಮುಗಿಸುವವರೆಗೂ ಬಾಯಿಗೆ ಸೆರಗು ತುರುಕಿಕೊಂಡು ಕೂತೆ.