ನಡತೆಗೊಂದು ಸಹಿ

ದೌಲತರಾಯ: ಇಡೀ ಇಜೇರಿಯೊಳಗ ಸಹಿ ಮಾಡಾಕ ಅವನೊಬ್ಬನೇ ಉಳದಾನೇನ?

ಗುರುಶಾಂತಮ್ಮ: ಮತ್ತೊಬ್ಬರ ಹೆಸರ ಹೇಳ್ರಿ, ಈಗಿಂದೀಗ ಹೋಗಿ ಕರಕೊಂಡು ಬರ್ತೇನಿ.

ದೌಲತರಾಯ: ದವಾಖಾನಿ ಡಾಕ್ಟರ?

ಗುರುಶಾಂತಮ್ಮ: ಮೊನ್ನಿ ಹೋಳಿಹುಣ್ಣಿವಿಗೆ ಬಂದಾನ. ಐದು ವರ್ಷದಿಂದ ಗೊತ್ತಿದ್ದವರು ಬೇಕಂತ ಫಾರಂನಾಗ ಬರದದ.

ದೌಲತರಾಯ: ಸೊಸೈಟಿ ಸೆಕ್ರೆಟರಿ?

ಗುರುಶಾಂತಮ್ಮ: ನಿಮ್ಮ ಅಕ್ಕನ ಮಗ. ಸಂಬಂಧಿಕರು ನಡಿಯಾಂಗಿಲ್ಲ.

ದೌಲತರಾಯ: ಆ ಗಣಿತದ ಮಾಸ್ತರ?

ಗುರುಶಾಂತಮ್ಮ: ಅಂವ ನನ್ನ ತಮ್ಮ. ಹದಿನೆಂಟು ವರ್ಷದಿಂದ ಈ ಮನಿಯಾಗ ಉಂಡು ಹೋಗಾಕತ್ತಾನ, ಇನ್ನೂ ಗಣಿತದ ಮಾಸ್ತರ ಅಂತೀರಿ.

ದೌಲತರಾಯ: ಹಂಗಾರ ನಮ್ಮ ವಕೀಲರು. ಹನ್ನೆರಡು ವರ್ಷದ ಗುರ್ತು.

ಗುರುಶಾಂತಮ್ಮ: ಅವರಿಗೆ ನಿಮ್ಮ ಹೊಲದ ಬದು ಗೊತ್ತು. ನಿಮ್ಮ ಮಗಳು ಗೊತ್ತಿಲ್ಲ.

ದೌಲತರಾಯರು ರುಮಾಲು ತೆಗೆದು ಮತ್ತೆ ಸುತ್ತಿಕೊಂಡರು. ೧೯೮೬ರ ಜುಲೈ ತಿಂಗಳು. ಮಗಳು ಶಿವಕಾಂತಾ ಗುಲಬರ್ಗಾದಲ್ಲಿ ಬಿ.ಎ. ಮುಗಿಸಿ ಬಂದಿದ್ದಳು. ಅಲ್ಲಿಯ ಕಾನೂನು ಕಾಲೇಜಿಗೆ ಅರ್ಜಿ ಹಾಕುವುದಕ್ಕೆ ಅಂದೇ ಕೊನೆಯ ದಿನ. ಸಂಜೆ ಐದರೊಳಗೆ ಅರ್ಜಿ ಮುಟ್ಟಬೇಕು, ಮುಟ್ಟಬೇಕಾದರೆ ಹತ್ತರ ಬಸ್ಸು ಸಿಗಬೇಕು, ಬಸ್ಸು ಸಿಕ್ಕರೂ ಅರ್ಜಿಯ ಕೊನೆಯ ಪುಟದಲ್ಲಿ ನಡತೆಯ ಪ್ರಮಾಣಪತ್ರಕ್ಕೆ ಊರಿನ ಪದವೀಧರರೊಬ್ಬರ ಸಹಿ ಇರಬೇಕು. ನಮ್ಮ ಊರಿನಲ್ಲಿ ಪದವೀಧರರೇ ಬೆರಳೆಣಿಕೆ. ಹೊಸ ಡಾಕ್ಟರನನ್ನು ಬಿಟ್ಟರೆ ಅವರಲ್ಲಿ ದೌಲತರಾಯರಿಗೆ ಭಾವನೋ ಮೈದುನನೋ ಅಳಿಯನೋ ಆಗದೆ ಉಳಿದವರು ನಿವೃತ್ತ ಹೆಡ್‌ಮಾಸ್ತರ ಶಾಂತಲಿಂಗಪ್ಪ ಒಬ್ಬರೇ. ಅವರ ಮುಖ ನೋಡದೆ ದೌಲತರಾಯರು ಒಂಬತ್ತು ವರ್ಷ ಕಳೆದಿದ್ದರು. ಒಂದೇ ಓಣಿಯಲ್ಲಿ ಇದ್ದುಕೊಂಡು ಇಷ್ಟು ಸಾಧಿಸುವುದು ಸಣ್ಣ ಕೆಲಸವಲ್ಲ.

ಇದಕ್ಕೆಲ್ಲ ಕಾರಣ ದಾಯಾದಿ ಚಂದ್ರಾಮಪ್ಪನ ಜೊತೆಗಿನ ಬದುವಿನ ಕೇಸು. ಬದು ಎಲ್ಲಿಗೆ ಮುಗಿಯುತ್ತದೆ ಎಂದು ಹಿಂದೆ ಒಂದು ರಾಜಿಪತ್ರವಾಗಿತ್ತು. ಅದಕ್ಕೆ ಸಾಕ್ಷಿ ಹಾಕಿದವರು ಶಾಂತಲಿಂಗಪ್ಪ ಮಾಸ್ತರ. ಆ ಪತ್ರ ತನಗೆ ಮುಳುವಾಗುತ್ತದೆ ಎಂದು ಕಂಡಾಗ ದೌಲತರಾಯರು ಕಟಕಟೆಯಲ್ಲಿ ನಿಂತು ಹೇಳಿಬಿಟ್ಟಿದ್ದರು: “ಆ ಮಾಸ್ತರ ಮುಂದ ಯಾವ ಕಾಗದ ಇಟ್ಟರೂ ಓದದೇ ಸಹಿ ಮಾಡೋ ಮನುಷ್ಯ.” ಇಪ್ಪತ್ತೇಳು ವರ್ಷ ಹೆಡ್‌ಮಾಸ್ತರಾಗಿದ್ದವರಿಗೆ ಇದಕ್ಕಿಂತ ದೊಡ್ಡ ಬೈಗುಳ ಬೇರೆ ಇಲ್ಲ. ಅಂದಿನಿಂದ ಮಾಸ್ತರು ಓದದೆ ಒಂದು ಚುಕ್ಕೆಯನ್ನೂ ಇಟ್ಟವರಲ್ಲ. ರಿಜಿಸ್ಟರ್ ಪತ್ರ ತರುವ ಪೋಸ್ಟ್‌ಮನ್ ಮೆಹಬೂಬ, ಅವರು ರಶೀದಿಯ ಎರಡೂ ಬದಿ ಓದಿ ಮುಗಿಸುವಷ್ಟರಲ್ಲಿ ಕಟ್ಟೆಯ ಮೇಲೆ ಒಂದು ನಿದ್ದೆ ತೆಗೆಯುತ್ತಿದ್ದ.

ಹಿಂದಿನ ಸಂಜೆ ಶಿವಕಾಂತಾ ಒಬ್ಬಳೇ ಹೋಗಿ ಕೇಳಿದ್ದಳು. ಮಾಸ್ತರು ಅವಳಿಗೆ ಚಹಾ ಕೊಟ್ಟು, ಬಿ.ಎ. ಅಂಕಪಟ್ಟಿ ನೋಡಿ ಖುಷಿಪಟ್ಟು, ತಂದೆಯನ್ನು ಕರೆದುಕೊಂಡು ಬಾ ಎಂದು ಕಳಿಸಿದ್ದರು.

ಶಿವಕಾಂತಾ: ಅಪ್ಪಾ, ಒಂಬತ್ತೂಕಾಲ ಆತು.

ದೌಲತರಾಯ: ಅವನ ಕಟ್ಟಿ ನಾ ಹತ್ತಾಂಗಿಲ್ಲ.

ಗುರುಶಾಂತಮ್ಮ: ಬ್ಯಾಡ ಬಿಡ್ರಿ. ಆಳಂದಕ್ಕ ಕಾಗದ ಹಾಕ್ತೇನಿ. ಶ್ರಾವಣದಾಗ ಅಕ್ಷತಿ ಹಾಕಿ ಕೈ ತೊಳಕೊಳ್ಳೋಣ.

ಆಳಂದದಲ್ಲಿ ಶಿವಕಾಂತಾಳ ಸೋದರತ್ತೆಯ ಮಗನಿದ್ದ. ತೊಗರಿ ದಲ್ಲಾಳಿ ಅಂಗಡಿ, ಒಳ್ಳೆಯ ಹುಡುಗ, ಊಟಕ್ಕೆ ಕೂತಾಗಲೂ ತೊಗರಿಯ ಧಾರಣೆ ಹೇಳುವಷ್ಟು ಒಳ್ಳೆಯವನು. ಕಾಲೇಜಿನಲ್ಲಿ ಸೀಟು ಸಿಕ್ಕರೆ ಮದುವೆ ಮೂರು ವರ್ಷ ಮುಂದಕ್ಕೆ, ಸಿಗದಿದ್ದರೆ ಇದೇ ಶ್ರಾವಣದಲ್ಲಿ ಎಂದು ಮನೆಯಲ್ಲಿ ಮಾತಾಗಿತ್ತು. ಶಿವಕಾಂತಾ ಚಪ್ಪಲಿ ಮೆಟ್ಟಿ, ಅರ್ಜಿ ಹಿಡಿದು ಆಗಲೇ ಹೊಸ್ತಿಲಲ್ಲಿ ನಿಂತಿದ್ದಳು. ದೌಲತರಾಯರಿಗೂ ಮದುವೆಯ ಅವಸರವಿರಲಿಲ್ಲ. ಮನೆಯಲ್ಲೇ ಒಬ್ಬ ವಕೀಲೆ ತಯಾರಾದರೆ ಬದುವಿನ ಕೇಸನ್ನು ಇನ್ನೂ ಇಪ್ಪತ್ತು ವರ್ಷ ಚೆನ್ನಾಗಿ ನಡೆಸಬಹುದು ಎಂಬುದು ಅವರ ಆಸೆ. ಮಗಳ ಓದಿನ ಮೇಲೆ ಅವರಿಗೆ ಇದ್ದ ಪ್ರೀತಿಯನ್ನು ಅನುಮಾನಿಸುವ ಹಾಗಿರಲಿಲ್ಲ. ರುಮಾಲು ಸರಿ ಮಾಡಿಕೊಂಡು ಎದ್ದರು.

ಮಾಸ್ತರು ಕಟ್ಟೆಯ ಮೇಲೆ ಕೂತು ಪೇಪರಿನ ಕೊನೆಯ ಪುಟದ ತಳದಲ್ಲಿ ಮುದ್ರಕರ ಹೆಸರು ಓದುತ್ತಿದ್ದರು. ದೌಲತರಾಯರು ಕಟ್ಟೆ ಹತ್ತದೆ ಕೆಳಗೇ ನಿಂತು, ಎದುರು ಮನೆಯ ಗೋಡೆಯನ್ನು ನೋಡುತ್ತ ಮಾತಾಡಿದರು.

ದೌಲತರಾಯ: ಶಿವಕಾಂತಾ, ಮಾಸ್ತರ್ರಿಗೆ ಫಾರಂ ಕೊಡು.

ಶಾಂತಲಿಂಗಪ್ಪ: ಶಿವಕಾಂತಾ, ನಿಮ್ಮ ಅಪ್ಪಗ ಮ್ಯಾಲ ಬಂದು ಕೂಡ್ರಂತ ಹೇಳವಾ. ಓದಾಕ ಹೊತ್ತು ಹಿಡೀತದ.

ದೌಲತರಾಯ: ಓದೋದೇನದ ಅದರಾಗ. ಮಗಳು ಬರದಾಳ, ನಾ ಸಹಿ ಮಾಡೇನಿ.

ಶಾಂತಲಿಂಗಪ್ಪ: ನೀವು ಓದೇ ಸಹಿ ಮಾಡಿರಬೇಕು. ನಾನೂ ಓದೇ ಮಾಡ್ತೇನಿ.

ಕನ್ನಡಕ ಒರೆಸುವುದಕ್ಕೇ ಐದು ನಿಮಿಷ ಹೋಯಿತು. ಆಮೇಲೆ ಮೊದಲ ಪುಟದಿಂದ ಶುರುವಾಯಿತು. ಅರ್ಜಿದಾರರಿಗೆ ಸೂಚನೆಗಳು ಒಂದರಿಂದ ಹದಿನಾಲ್ಕು. ಏಳನೆಯ ಸೂಚನೆ ಹನ್ನೊಂದನೆಯ ಸೂಚನೆಗೆ ತಾಳೆಯಾಗುವುದಿಲ್ಲ ಎಂದು ಮಾಸ್ತರು ತೋರಿಸಿದರು. ತಾಳೆಯಾಗದಿದ್ದರೆ ಕಾಲೇಜಿನವರ ಪಾಡು ಎಂದು ದೌಲತರಾಯರು ಗೋಡೆಗೆ ಹೇಳಿದರು. ಹಾಗೆ ಬಿಡುವುದಕ್ಕೆ ಬರುವುದಿಲ್ಲ, ತಾವು ಸಹಿ ಮಾಡುವ ಕಾಗದ ಎಂದು ಮಾಸ್ತರು ಪುಟ ತಿರುವಿದರು. ಇಷ್ಟರಲ್ಲಿ ಕಾಲು ನೊಂದು ದೌಲತರಾಯರು ಕಟ್ಟೆಯ ಅಂಚಿಗೆ ಕೂತಿದ್ದರು. ಕೂತದ್ದು ಅವರ ಗಮನಕ್ಕೇ ಬರಲಿಲ್ಲ.

ಶಾಂತಲಿಂಗಪ್ಪ: ‘ಸದರಿ ಅರ್ಜಿದಾರರ ನಡತೆ ಉತ್ತಮವಾಗಿರುತ್ತದೆ.’ ಇಲ್ಲಿ ಒಂದು ತೊಡಕದ.

ದೌಲತರಾಯ: ನನ್ನ ಮಗಳ ನಡತಿಯೊಳಗ ಏನ್ ತೊಡಕ?

ಶಾಂತಲಿಂಗಪ್ಪ: ನಾಲ್ಕನೇ ಇಯತ್ತೆಯಾಗ ಮಲ್ಕಮ್ಮನ ಹೆಸರ ಕರದಾಗ ಈಕಿ ಹಾಜರ್ ಅಂದಿದ್ದಳು. ಒಂದಿನ ಅಲ್ಲ, ನಾಕು ದಿನ.

ದೌಲತರಾಯ: ಆಗ ಒಂಬತ್ತು ವರ್ಷದಾಕಿ ಇದ್ದಳು ಮಾಸ್ತರ್ರ.

ಶಾಂತಲಿಂಗಪ್ಪ: ಫಾರಂನಾಗ ವಯಸ್ಸಿನ ಮಾತಿಲ್ಲ. ನಡತಿ ಅಂತ ಅಷ್ಟೇ ಅದ.

ಶಿವಕಾಂತಾ: ಸರ್, ಮಲ್ಕಮ್ಮಗ ಜ್ವರ ಬಂದಿತ್ತು. ಹಾಜರಿ ಕಡಿಮಿ ಆದ್ರ ಹೆಸರ ತಗೀತೇನಿ ಅಂದಿದ್ರಿ. ಮಾತಾಡಾಕ ಆಕಿಗೆ ಬರಾಂಗಿದ್ದಿಲ್ಲ, ಆಕಿ ಪರವಾಗಿ ನಾ ಮಾತಾಡಿದೆ.

ಶಾಂತಲಿಂಗಪ್ಪ: ಅಂದ್ರ ಅದು ಸುಳ್ಳಲ್ಲ.

ಶಿವಕಾಂತಾ: ವಕಾಲತ್ತು ಸರ್.

ತಮ್ಮ ಶಾಲೆಯಿಂದ ಇಷ್ಟು ವರ್ಷದಲ್ಲಿ ಇಂಥವಳೊಬ್ಬಳಾದರೂ ಹೊರಬಿದ್ದಳಲ್ಲ ಎಂದು ಮಾಸ್ತರರಿಗೆ ಹೆಮ್ಮೆಯಾಯಿತು, ಆದರೆ ಹೆಡ್‌ಮಾಸ್ತರರು ಹೆಮ್ಮೆಯನ್ನು ತೋರಿಸುವ ಪದ್ಧತಿ ಇಲ್ಲ. ಪೆನ್ನಿನ ಟೊಪ್ಪಿಗೆ ತೆಗೆದರು. ಮತ್ತೆ ಹಾಕಿದರು.

ದೌಲತರಾಯ: ಮತ್ತೇನಾತು? ಒಂಬತ್ತೂಮುಕ್ಕಾಲ ಆಗ್ಯದ.

ಶಾಂತಲಿಂಗಪ್ಪ: ನನ್ನದೊಂದು ಅನುಮಾನ ಅದ, ದೌಲತರಾಯ್ರ. ಓದದೇ ಸಹಿ ಮಾಡೋ ಮನುಷ್ಯ ಅಂತ ಕೋರ್ಟಿನ ದಫ್ತರದಾಗ ನನ್ನ ಹೆಸರ ಕೂತದ. ಅಂಥವನ ಸಹಿ ನಿಮ್ಮ ಮಗಳ ನಡತಿಗೆ ಯಾಕ?

ದೌಲತರಾಯ: ಅದು ಕೇಸಿನ ಮಾತು. ಕೇಸಿನ ಮಾತು ಬ್ಯಾರೆ, ಖರೇ ಮಾತು ಬ್ಯಾರೆ.

ಶಾಂತಲಿಂಗಪ್ಪ: ಇದನ್ನೇ ಬರದು ಕೊಡ್ರಿ.

ದೌಲತರಾಯ: ಬರದು ಕೊಟ್ಟರ ನಾಳಿಗೆ ಅದು ಚಂದ್ರಾಮಪ್ಪನ ಕೈಯಾಗ ಇರ್ತದ. ಹನ್ನೆರಡು ವರ್ಷದ ಕೇಸು ಒಂದ ತಾರೀಖಿಗೆ ಮುಗೀತದ.

ಶಿವಕಾಂತಾ: ಮುಗದ್ರ ಏನಾಗ್ತದ ಅಪ್ಪಾ?

ಈ ಪ್ರಶ್ನೆಯನ್ನು ದೌಲತರಾಯರಿಗೆ ಆವರೆಗೆ ಯಾರೂ ಕೇಳಿರಲಿಲ್ಲ, ವಕೀಲರೂ ಸೇರಿ. ಕೇಸು ಮುಗಿದ ಮೇಲೆ ತಿಂಗಳಿಗೊಮ್ಮೆ ಇಸ್ತ್ರಿ ಧೋತರ ಉಟ್ಟು ಜೇವರ್ಗಿ ಕೋರ್ಟಿಗೆ ಹೋಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗುತ್ತದೆ ಎಂದು ಹೇಳಲು ಅವರಿಗೆ ನಾಚಿಕೆಯಾಯಿತು. ನಿನಗೆ ತಿಳಿಯುವುದಿಲ್ಲ, ಮೂರು ವರ್ಷ ಓದಿ ಬಾ, ಆಮೇಲೆ ತಿಳಿಯುತ್ತದೆ ಎಂದರು. ಅದಕ್ಕೆ ಮೊದಲು ಈ ಸಹಿ ಆಗಬೇಕಲ್ಲ ಎಂದು ಮಗಳು ನೆನಪಿಸಿದಳು.

ಅಷ್ಟರಲ್ಲಿ ಊರ ಅಗಸಿಬಾಗಿಲ ಕಡೆಯಿಂದ ಬಸ್ಸಿನ ಹಾರ್ನು ಕೇಳಿಸಿತು.

ದೌಲತರಾಯ: ಮಾಸ್ತರ್ರ, ಕೈ ಮುಗೀತೇನಿ. ಕೂಸಿನ ಜೀವನದ ಪ್ರಶ್ನಿ ಅದ.

ಶಾಂತಲಿಂಗಪ್ಪ: ಹಂಗಾರ ಒಂದ ಕೆಲಸ ಮಾಡ್ತೇನಿ. ನಿಮ್ಮ ಕೇಸಿನ ಹೆಸರ ಬರಿಯಾಂಗಿಲ್ಲ. ಚಂದ್ರಾಮಪ್ಪನ ಹೆಸರ ಬರಿಯಾಂಗಿಲ್ಲ. ನನ್ನ ಹೆಸರೂ ಬರಿಯಾಂಗಿಲ್ಲ. ಎರಡ ಸಾಲು, ಅಷ್ಟೇ. ನೀವು ಅದಕ್ಕ ಸಹಿ ಮಾಡ್ರಿ, ನಾ ಇದಕ್ಕ ಮಾಡ್ತೇನಿ.

ದೌಲತರಾಯ: ಬದುವಿನ ಸುದ್ದಿ?

ಶಾಂತಲಿಂಗಪ್ಪ: ಬದುವಿನ ಸುದ್ದೀನೂ ಇಲ್ಲ. ಗುರುವಿನಾಣಿ.

ಇಷ್ಟೆಲ್ಲ ಇಲ್ಲದ ಮೇಲೆ ಆ ಕಾಗದದಲ್ಲಿ ಅಪಾಯವಾದರೂ ಏನಿರಲು ಸಾಧ್ಯ? ದೌಲತರಾಯರ ಮುಖ ಗೆಲುವಾಯಿತು. ಮಾಸ್ತರು ಒಳಗಿನಿಂದ ಎರಡು ಹಾಳೆ ತಂದು, ನಡುವೆ ಕಾರ್ಬನ್ ಇಟ್ಟು, ಶಾಲೆಯ ದುಂಡು ಅಕ್ಷರದಲ್ಲಿ ಸಾವಕಾಶವಾಗಿ ಬರೆಯತೊಡಗಿದರು. ಬಸ್ಸು ಎರಡನೆಯ ಸಲ ಹಾರ್ನು ಹಾಕಿತು. ಕಂಡಕ್ಟರ್ ಸಿಕಂದರ ಮೂರನೆಯ ಹಾರ್ನಿಗೆ ಸ್ವಂತ ಅಪ್ಪ ಬಂದರೂ ಬಸ್ಸು ನಿಲ್ಲಿಸುವವನಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಮಾಸ್ತರು ಬರೆದ ಕಾಗದವನ್ನು ಮುಂದಿಟ್ಟು, ಒಮ್ಮೆ ಓದಿ ನೋಡಿ ಎಂದು ಕನ್ನಡಕವನ್ನೂ ಕೊಡಲು ಬಂದರು. ದೌಲತರಾಯರು ಕನ್ನಡಕವನ್ನು ಪಕ್ಕಕ್ಕೆ ಸರಿಸಿ, ಪೆನ್ನು ಕಸಿದುಕೊಂಡು, ಮೇಲಿನ ಹಾಳೆಗೊಂದು ಕೆಳಗಿನದಕ್ಕೊಂದು ಸಹಿ ಎಳೆದು, ಮಗಳಿಗೆ ಜಲ್ದಿ ಬಾ ಎನ್ನುತ್ತ ಧೋತರ ಎತ್ತಿಕೊಂಡು ಬಸ್ಸಿನತ್ತ ಓಡಿದರು. ಆ ವಯಸ್ಸಿನಲ್ಲಿ ಅವರು ಹಾಗೆ ಓಡಿದ್ದನ್ನು ಓಣಿಯವರು ಬಹಳ ದಿನ ಹೇಳಿಕೊಂಡರು.

ಶಿವಕಾಂತಾ ಅರ್ಧ ನಿಮಿಷ ತಡವಾಗಿ ಬಂದಳು. ಅರ್ಜಿ ಅವಳ ಕೈಯಲ್ಲಿತ್ತು, ಕೊನೆಯ ಪುಟದಲ್ಲಿ ಶಾಂತಲಿಂಗಪ್ಪ ಮಾಸ್ತರ ಸಹಿ ಇತ್ತು, ಬಿ.ಎ., ಬಿ.ಎಡ್. ಸಮೇತ. ಬಸ್ಸು ಊರು ದಾಟಿತು. ಆಮೇಲೆ ದೌಲತರಾಯರು ಕಿಟಕಿಗೆ ಒರಗಿ ನಗತೊಡಗಿದರು.

ದೌಲತರಾಯ: ನೋಡಿದಿ? ಮಾಸ್ತರ ಎಷ್ಟ ಶಾಣ್ಯಾ ಇದ್ದರೂ ಮಾಸ್ತರನೇ. ಕೇಸಿನ ಹೆಸರಿಲ್ಲದ ಕಾಗದ ಇಟಗೊಂಡು ಉಪ್ಪಿನಕಾಯಿ ಹಾಕ್ತಾನೇನ?

ಶಿವಕಾಂತಾ: ನಮಗೂ ಒಂದು ನಕಲು ಕೊಟ್ಟಾರ ಅಪ್ಪಾ.

ದೌಲತರಾಯ: ಓದು ನೋಡೋಣ, ಏನ್ ಬರದಾನ.

ಶಿವಕಾಂತಾ ಅರ್ಜಿಯ ನಡುವಿನಿಂದ ನೀಲಿ ಅಕ್ಷರದ ಹಾಳೆ ತೆಗೆದಳು.

ಶಿವಕಾಂತಾ: ‘ಇಜೇರಿ ಗ್ರಾಮದ ದೌಲತರಾಯನಾದ ನಾನು ಬರೆದುಕೊಡುವುದೇನೆಂದರೆ, ನನ್ನ ಮುಂದೆ ಯಾವ ಕಾಗದ ಇಟ್ಟರೂ ನಾನು ಓದದೆ ಸಹಿ ಮಾಡುವ ಮನುಷ್ಯನಿರುತ್ತೇನೆ. ಈ ಕಾಗದಕ್ಕೂ ಹಾಗೆಯೇ ಸಹಿ ಮಾಡಿರುತ್ತೇನೆ.’

ಬಸ್ಸು ಒಂದು ತಗ್ಗಿಗೆ ಬಿದ್ದು ಎದ್ದಿತು. ದೌಲತರಾಯರು ಹಾಳೆಯನ್ನು ಕಸಿದುಕೊಂಡು ತಾವೇ ಓದಿದರು, ಆಮೇಲೆ ಹಿಂಬದಿಯನ್ನೂ ತಿರುವಿ ನೋಡಿದರು. ದಾವೆ, ಬಯಾನು, ವಕಾಲತ್‌ನಾಮಾ ಎಂದು ಹನ್ನೆರಡು ವರ್ಷದಲ್ಲಿ ತಾವು ಸಹಿ ಹಾಕಿದ ಕಾಗದಗಳೆಲ್ಲ ಅವರ ಕಣ್ಣ ಮುಂದೆ ಒಂದೊಂದಾಗಿ ಹಾದು ಹೋದವು.

ದೌಲತರಾಯ: ಇದು ನನ್ನ ಸಹೀನೇ ಅಲ್ಲ ಅಂತ ಹೇಳ್ತೇನಿ.

ಶಿವಕಾಂತಾ: ಹೇಳಾಕ ಬರಾಂಗಿಲ್ಲ ಅಪ್ಪಾ. ಮಾಸ್ತರ್ರ ಹತ್ರ ಇರೋ ಹಾಳಿಗೆ ಸಾಕ್ಷಿ ಸಹಿ ಬಿದ್ದದ.

ದೌಲತರಾಯ: ನಾ ಬರೋವಾಗ ಅಲ್ಲಿ ಯಾರೂ ಇದ್ದಿಲ್ಲ. ಯಾವ ಮಗ ಬಂದು ಸಾಕ್ಷಿ ಹಾಕಿದ?

ಶಿವಕಾಂತಾ: ಮಗ ಅಲ್ಲ, ಮಗಳು. ಆದ್ರ ನಾ ಓದೇ ಮಾಡೇನಿ.