ಸುಳ್ಳು ಬಿಟ್ಟ ಸೀರೆ ಅಂಗಡಿ

ಹುಬ್ಬಳ್ಳಿಯ ಕೇಶ್ವಾಪುರದ ಸೀರೆ ಅಂಗಡಿಯೊಂದರಲ್ಲಿ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸುವುದು ನನ್ನ ಕೆಲಸ. ಸೀರೆ ಗಂಟು ಬಿಚ್ಚಿದಲ್ಲೆಲ್ಲ ಒಂದು ತಮಾಷೆ ಇದ್ದೇ ಇರುತ್ತದೆ. ಆದರೆ ನಮ್ಮ ಮಾಲಕರು ವಿಪಶ್ಯನಾ ಧ್ಯಾನದ ಶಿಬಿರಕ್ಕೆ ಹೋಗಿ ಬಂದ ಮೇಲೆ ನಡೆದದ್ದರ ಮುಂದೆ ಹಿಂದಿನವೆಲ್ಲ ಸಪ್ಪೆ.

೧. ಶುದ್ಧ ವ್ಯಾಪಾರ

ಬಂದವರೇ ಗಲ್ಲಾಪೆಟ್ಟಿಗೆಯ ಪಕ್ಕ ಬುದ್ಧನ ಮೂರ್ತಿ ಇಟ್ಟರು. ಹೊಟ್ಟೆಪಾಡಿನ ದಾರಿಯೂ ಶುದ್ಧವಿರಬೇಕು, ಇನ್ನು ಇಲ್ಲಿ ಸುಳ್ಳು ಹೇಳಿದವನು ಅವತ್ತೇ ಮನೆಗೆ ಎಂದರು. ಸುಳ್ಳಿಲ್ಲದೆ ಸೀರೆ ಮಾರುವುದೆಂದರೆ ಉಪ್ಪಿಲ್ಲದೆ ಸಾರು ಬಡಿಸಿದಂತೆ.

ಮೊದಲ ಗಿರಾಕಿ ಹಳದಿ ಸೀರೆ ಹೆಗಲಿಗೆ ಹಾಕಿಕೊಂಡು ತನಗೆ ಒಪ್ಪುತ್ತದೆಯೇ ಎಂದು ಕೇಳಿದಳು. ಕೆಲಸ ಹೋದೀತೆಂದು ಹೆದರಿ, ಇಲ್ಲ ಎಂದೆ. ಅವಳು ದುಮುಗುಡುತ್ತ ಎದ್ದು ಹೋದಳು. ಜೊತೆಗೆ ಬಂದಿದ್ದ ಅತ್ತೆ ಮಾತ್ರ, ಇಷ್ಟು ಖರೇ ಮಾತಾಡುವ ಅಂಗಡಿ ನೋಡಿಯೇ ಇಲ್ಲವೆಂದು ಹೊಗಳಿ, ಖುಷಿಗೆ ತನಗೆರಡು ಸೀರೆ ಕೊಂಡಳು.

೨. ಅನಿತ್ಯ

ಒಬ್ಬ ಸಾಲಿ ಟೀಚರು ಬಣ್ಣ ಬಿಡುತ್ತದೆಯೇ ಎಂದು ಕೇಳಿದರು. ನಾನು ಮಾಲಕರ ಮುಖ ನೋಡಿದೆ. ಅವರೇ ಉತ್ತರ ಕೊಟ್ಟರು.

"ಅಕ್ಕಾರ, ಜಗತ್ತಿನ್ಯಾಗ ಎಲ್ಲಾ ಅನಿತ್ಯರಿ. ಬಣ್ಣಾನೂ ಹೋಗತೈತಿ."

"ಮತ್ತ ರೇಟ್ ಯಾಕ ಗಟ್ಟಿ ಕುಂತೈತ್ರಿ? ಅದನ್ನೂ ಹೋಗಾಕ ಬಿಡ್ರಿ."

ಮಾಲಕರು ರೇಟು ಇಳಿಸಿದರು. ಆಮೇಲೆ ಧ್ಯಾನಕ್ಕೆ ಕೂತವರು ಊಟದ ತನಕ ಏಳಲಿಲ್ಲ.

೩. ಗುರು ಸಿಕ್ಕರು

ಮುಂಡಗೋಡದ ಟಿಬೆಟನ್ ಕ್ಯಾಂಪಿನಿಂದ ಒಬ್ಬ ಭಿಕ್ಷು ಮರೂನ್ ಬಟ್ಟೆ ಹುಡುಕಿಕೊಂಡು ಬಂದರು. ಮಾಲಕರು ಕಾಲಿಗೆ ಬಿದ್ದು, ಅವಸರದ ಮನಸ್ಸನ್ನು ಶಾಂತ ಮಾಡುವುದು ಹೇಗೆಂದು ಕೇಳಿದರು. ಭಿಕ್ಷುಗಳು ಅಚ್ಚ ಹುಬ್ಬಳ್ಳಿ ಮಾತಿನಲ್ಲೇ ಅಂದರು, "ಕಾಕಾ, ಮೊದಲ ಅರಿವಿ ಲಗೂ ಹರದ ಕೊಡ್ರಿ. ಬಸ್ ತಪ್ಪತೈತಿ."

೪. ಮೌನ

ಆಮೇಲೆ ಒಂದು ದಿನ ಮಾಲಕರ ಹೆಂಡತಿ, ಅಂಗಡಿಯವರೆಲ್ಲ ಅತ್ತಿಗೆ ಎಂಬಂತೆ ಕರೆಯುವ ನಮ್ಮ ವೈನಿ, ತಂಗಿಯ ಮಗಳ ಮದುವೆಗೆಂದು ಸೀರೆ ಆರಿಸಲು ಬಂದರು. ಗಿಳಿಹಸಿರು ಸೀರೆ ಹೊದ್ದು, ಹೇಗೆ ಕಾಣುತ್ತದೆಂದು ಗಂಡನನ್ನು ಕೇಳಿದರು. ಮಾಲಕರು ಬುದ್ಧನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಕಣ್ಣು ಮುಚ್ಚಿ ಉಸಿರಾಟ ಗಮನಿಸತೊಡಗಿದರು.

ವೈನಿ ನನ್ನ ಕಡೆ ತಿರುಗಿದರು. "ನೀ ಹೇಳೋ ತಮ್ಮಾ."

ಸುಳ್ಳು ಹೇಳಿದರೆ ಮಾಲಕರು ಕೆಲಸ ಬಿಡಿಸುತ್ತಾರೆ, ಖರೇ ಹೇಳಿದರೆ ವೈನಿ ಬಿಡಿಸುತ್ತಾರೆ. ನಾನೂ ಕಣ್ಣು ಮುಚ್ಚಿದೆ.

"ತಿಳೀತು ಬಿಡ್ರಿ," ಎಂದರು ವೈನಿ ಗಂಡನಿಗೆ. "ಊಟಕ್ಕ ಕೂತಾಗೂ ಹಿಂಗ ಕಣ್ಣ ಮುಚಗೋರಿ. ತಾಟ ಖಾಲಿ ಇರೂದು ಕಾಣಂಗಿಲ್ಲ."

ಮರುದಿನ ಮಾಲಕರು ಬಾಡಿದ ಮುಖದಲ್ಲಿ ಬಂದರು. ಬುದ್ಧನಿಗೆ ಕೈಮುಗಿದು ನನ್ನ ಕಿವಿಯ ಹತ್ತಿರ ಬಗ್ಗಿದರು.

"ತಮ್ಮಾ, ಆ ನಿಯಮಾನೂ ಅನಿತ್ಯ. ಇವತ್ತಿಂದ ಎಲ್ಲಾರಿಗೂ ಎಲ್ಲಾ ಸೀರಿ ಒಪ್ಪತಾವ. ಮೊದಲ ನಿಮ್ಮ ವೈನಿಗೆ ಫೋನ್ ಹಚ್ಚು."